ಏಳೆಂಟ್ಲೆ ಐವತ್ನಾಲ್ಕು

ಪ್ರತಿ ತಿಂಗಳ ಪಾಲಕರ ಸಭೆಯಲ್ಲಿ ನಾನು ಒಂದೇ ಭಾಷಣ ಮಾಡುತ್ತೇನೆ. ತಡಸದಿಂದ ಮುಂದಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ಇಯತ್ತೆಗೆ ಗಣಿತ ಹೇಳುವವಳು ನಾನು. ಸಭೆಗೆ ಬರುವವರು ಹೆಚ್ಚಾಗಿ ತಾಯಂದಿರು. ಗೋವಿನಜೋಳದ ಹೊಲದಿಂದ ನೇರವಾಗಿ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಮಕ್ಕಳ ಸಣ್ಣ ಬೆಂಚಿನ ತುದಿಗೆ ಅಂಜುತ್ತ ಕೂಡುತ್ತಾರೆ. "ಮಗ್ಗಿ ಕಲಿಸೂದು ನನ್ನ ಕೆಲಸರಿ. ಆದ್ರ ಅದು ಬಾಯಾಗ ಕೂಡೂದು ಮನ್ಯಾಗ. ದಿನಾ ಹತ್ತ ನಿಮಿಷ ಸಾಕು" ಎನ್ನುತ್ತೇನೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಮಗ ಓದಾಕ ಬರಿಯಾಕ ಬರೂದಿಲ್ರಿ ಟೀಚರ್, ನಾವೇನ ಕಲಿಸೂಣು?" ಅದಕ್ಕೂ ನನ್ನ ಹತ್ತಿರ ಸಿದ್ಧ ಉತ್ತರವಿದೆ. "ನಿಮಗ ಬರಬೇಕಂತೇನಿಲ್ರಿ. ಬಾಜೂಕ ಕುಂತು ಕೇಳ್ರಿ, ಸಾಕು."

ಹೀಗೆ ಹೇಳಿ ನಾನು ಬೇಗ ಬೇರೆ ಮಾತಿಗೆ ಹೋಗಿಬಿಡುತ್ತೇನೆ. ಯಾಕೆಂದರೆ ಓದು ಬರಹ ಬಾರದ ತಾಯಿಯೊಬ್ಬಳು ಬಾಜೂಕ ಕೂತು ಕೇಳಿದರೆ ಏನಾಗಬಹುದು ಎಂಬುದು ಈ ನಾಲ್ಕು ತಾಲೂಕುಗಳಲ್ಲಿ ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ.

ಶಾಲೆಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಖಾಲಿ ಮಗ್ಗುಲಲ್ಲಿ ಒಂದೊಂದು ಲೆಕ್ಕ ಬರೆದು ಮಕ್ಕಳಿಗೆ ಮನೆಗೆ ಕೊಟ್ಟು ಕಳಿಸುತ್ತೇನೆ. ಒಂದು ಕಡೆ ಯಾರದೋ ಮದುವೆಯ ಮುಹೂರ್ತ, ಇನ್ನೊಂದು ಕಡೆ ಆರೇಳ್ಲೆ ಎಷ್ಟು. ಬಾರದ ಲೆಕ್ಕದ ಚೀಟಿ ಮಾತ್ರ ಬೇರೆ ಇಡಬೇಕು, ಬಂದದ್ದನ್ನೇ ಮತ್ತೆ ಮತ್ತೆ ಹೇಳಿ ಜಂಬ ಕೊಚ್ಚಬಾರದು, ತಪ್ಪಿದರೆ ಹೊಡೆಯಬಾರದು, ಮೊದಲಿನಿಂದ ಹೇಳಿಸಬಾರದು. ಕೊನೆಯ ನಿಯಮವನ್ನು ನಾನು ಎರಡೆರಡು ಸಲ ಹೇಳುತ್ತೇನೆ. ತಪ್ಪಿದಲ್ಲಿ ತಿದ್ದಿ ಮುಂದಕ್ಕೆ ಹೋಗಿ, ಮೊದಲಿನಿಂದ ಬೇಡ. ಯಾಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಇಂಥ ನನ್ನ ಸ್ವಂತ ಮಗಳ ಶಾಲೆಯ ಡೈರಿಯಲ್ಲಿ ಕಳೆದ ದೀಪಾವಳಿಯ ನಂತರ ಕೆಂಪು ಶಾಯಿಯ ಒಂದು ಸಾಲು ಬಂತು: 'ಏಳರ ಮಗ್ಗಿ ತಪ್ಪುತ್ತಿದೆ. ದಯವಿಟ್ಟು ಮನೆಯಲ್ಲಿ ಅಭ್ಯಾಸ ಮಾಡಿಸಿ.' ಶಿಗ್ಗಾಂವಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಅವಳ ಶಾಲೆ. ನಾಲ್ಕನೆಯ ಇಯತ್ತೆ. ಅವಳ ಟೀಚರಿಗೆ ನಾನು ಯಾರೆಂದು ಗೊತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಆಕೆ ಮನಸ್ಸಿನಲ್ಲಿ ನಕ್ಕಿರಬೇಕು. ನಾನು ಸಹಿ ಮಾಡಿ ಡೈರಿ ಮುಚ್ಚಿದೆ. ಯಾವ ಲೆಕ್ಕ ತಪ್ಪಿತೆಂದು ಮಗಳನ್ನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ನಾನು ದಿನಾ ಮುಂಜಾನೆ ಎಂಟಕ್ಕೆ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆ ಐದೂವರೆಗೆ. ಮನೆಯವರ ನೌಕರಿ ಸವಣೂರಿನಲ್ಲಿ. ಅವರು ಬರುವುದು ಇನ್ನೂ ತಡ. ಹೀಗಾಗಿ ಮಗಳನ್ನು ಬೆಳೆಸಿದವಳು ನನ್ನ ಅವ್ವ. ಅಪ್ಪ ತೀರಿಕೊಂಡ ಮೇಲೆ ಹಂಸಭಾವಿಯ ಹತ್ತಿರದ ನಮ್ಮ ಹಳ್ಳಿ ಬಿಟ್ಟು ಆಕೆ ನನ್ನ ಜೊತೆ ಬಂದು ಎಂಟು ವರ್ಷವಾಯಿತು. ಮಗಳಿಗೆ ಉಣ್ಣಲು, ಜಡೆ ಹಾಕಿಸಿಕೊಳ್ಳಲು, ಸಿಟ್ಟು ಬಂದರೆ ಮುನಿಸಿಕೊಳ್ಳಲು ಅಜ್ಜಿಯೇ ಬೇಕು. ಮಗ್ಗಿಯನ್ನೂ ಅವಳು ಅಜ್ಜಿಯ ಹತ್ತಿರವೇ ಕಲಿತಳು.

ಅವ್ವ ಸಾಲಿಯ ಮುಖ ಕಂಡವಳಲ್ಲ. ಬರೆದ ಏಳನ್ನೂ ಒಂಬತ್ತನ್ನೂ ಮುಂದಿಟ್ಟರೆ ಯಾವುದು ಯಾವುದೆಂದು ಇವತ್ತಿಗೂ ಹೇಳಲಾರಳು. ಆದರೆ ಹತ್ತರವರೆಗಿನ ಮಗ್ಗಿ ಆಕೆಗೆ ನೀರು ಕುಡಿದಷ್ಟು ಸುಲಭ. ಕಲಿತದ್ದು ರೊಟ್ಟಿ ಮಾಡುತ್ತ. ನಾವು ಅಕ್ಕತಂಗಿ ಇಬ್ಬರು ಸಂಜೆ ದೀಪ ಹಚ್ಚಿದ ಮೇಲೆ ಒಲೆಯ ಮುಂದೆ ಕೂತು ಮಗ್ಗಿ ಹೇಳಬೇಕು, ಅವ್ವ ರೊಟ್ಟಿ ಬಡಿಯಬೇಕು, ಇದು ಮನೆಯ ಪದ್ಧತಿ. ಬರಬರುತ್ತ ಅವ್ವನಿಗೆ ಮಗ್ಗಿಯೇ ಗಡಿಯಾರವಾಯಿತು. 'ಒಂದ್ಲೆ' ಎನ್ನುವಾಗ ರೊಟ್ಟಿ ಹಂಚಿಗೆ ಬೀಳಬೇಕು. 'ಮೂರ್ಲೆ' ಎನ್ನುವಾಗ ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು. 'ಐದ್ಲೆ'ಗೆ ಮಗುಚಬೇಕು. 'ಎಂಟ್ಲೆ'ಗೆ ಹಂಚಿನಿಂದ ತೆಗೆದು ಒಲೆಯ ಬಾಯಿಗೆ, ಕೆಂಡದ ಎದುರು ನಿಲ್ಲಿಸಬೇಕು. 'ಹತ್ಲೆ' ಎನ್ನುವಷ್ಟರಲ್ಲಿ ಉಬ್ಬಿದ ರೊಟ್ಟಿ ಬುಟ್ಟಿಯಲ್ಲಿರಬೇಕು. ಒಂದು ರೊಟ್ಟಿಗೆ ಒಂದು ಮಗ್ಗಿ. ಯಾರು ತಪ್ಪಿದರೂ ರೊಟ್ಟಿ ಸೀಯುತ್ತಿತ್ತು, ಅದಕ್ಕೇ ತಪ್ಪಿದವರು ಮೊದಲಿನಿಂದ ಹೇಳಬೇಕೆಂದು ಅವ್ವನೇ ಕಟ್ಟಳೆ ಮಾಡಿದ್ದಳು.

ಇಲ್ಲಿ ಶಿಗ್ಗಾಂವಿಯಲ್ಲಿ ಗ್ಯಾಸಿನ ಒಲೆ. ಅವ್ವ ಉರಿ ಹೆಚ್ಚು ಕಡಿಮೆ ಮಾಡಿ ಮಾಡಿ ಅದನ್ನೂ ತನ್ನ ಮಗ್ಗಿಗೆ ಪಳಗಿಸಿಕೊಂಡಿದ್ದಳು.

ಆಕೆಯ ಏಳರ ಮಗ್ಗಿ ಹೀಗಿತ್ತು: ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು, ಏಳ್ಮೂರ್ಲೆ ಇಪ್ಪತ್ತೊಂದು. ಹೀಗೆ ಏಳೇಳ್ಲೆ ನಲವತ್ತೊಂಬತ್ತರವರೆಗೆ ಸರಿಯಾಗಿ ಬರುತ್ತಿದ್ದಳು. ಆಮೇಲೆ ಏಳೆಂಟ್ಲೆ ಐವತ್ನಾಕು. ಆಮೇಲೆ ಏನೂ ಆಗದವಳಂತೆ ಏಳೊಂಬತ್ಲೆ ಅರವತ್ಮೂರು, ಏಳ್ಹತ್ಲೆ ಎಪ್ಪತ್ತು. ಇದೊಂದೇ ತಪ್ಪು. ಉಳಿದ ತೊಂಬತ್ತೊಂಬತ್ತೂ ಸರಿ.

ಈ ತಪ್ಪು ಅವ್ವನದಲ್ಲ. ಅಕ್ಕನದು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮನೆಯಲ್ಲಿ ಮೊದಲು ಸಾಲಿಗೆ ಹೋದವಳು ಅವಳೇ, ಆದ್ದರಿಂದ ಒಲೆಯ ಮುಂದಿನ ಮಗ್ಗಿಗೆ ಯಜಮಾನಿಯೂ ಅವಳೇ. ಅವಳು ಹೇಳಿದ್ದನ್ನು ನಾನು ಹೇಳಬೇಕು. ಆರೊಂಬತ್ಲೆ ಐವತ್ನಾಲ್ಕು, ಏಳೆಂಟ್ಲೆ ಐವತ್ತಾರು, ಇವೆರಡೂ ಮಕ್ಕಳಿಗೆ ಒಂದರ ಮೇಲೊಂದು ಬೀಳುತ್ತವೆ. ನನ್ನ ತರಗತಿಯಲ್ಲಿ ವರ್ಷಕ್ಕೆ ನಾಲ್ಕೈದು ಜನ ಹೀಗೆ ಎಡವುತ್ತಾರೆ. ಅಕ್ಕನೂ ಎಡವಿದ್ದಳು, ಯಾರೂ ಎಬ್ಬಿಸಿರಲಿಲ್ಲ. ಅವಳು 'ಏಳೆಂಟ್ಲೆ' ಎನ್ನುವಾಗ ದನಿ ಸ್ವಲ್ಪ ಮೇಲೆ ಎತ್ತಿ, 'ಐವತ್ನಾಕು' ಎಂಬಲ್ಲಿ ಕೊನೆಯನ್ನು ಎಳೆಯುತ್ತಿದ್ದಳು. ಅದು ಅವಳ ಗತ್ತು. ಅವಳು ಎಳೆದಷ್ಟು ಹೊತ್ತಿನಲ್ಲಿ ಅವ್ವ ರೊಟ್ಟಿಯನ್ನು ಕೆಂಡದ ಎದುರು ನಿಲ್ಲಿಸುತ್ತಿದ್ದಳು.

ಅಕ್ಕನದು ಒಂದು ಫೋಟೋ ಇಲ್ಲ. ಆಗ ನಮ್ಮ ಹಳ್ಳಿಯಲ್ಲಿ ಫೋಟೋ ತೆಗೆಸುವುದೆಂದರೆ ಲಗ್ನಕ್ಕೆ ಮಾತ್ರ. ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಮೂಗುಬಟ್ಟು ನೆನಪಿದೆ, ಎಡಗಾಲಿನ ಒಡೆದ ಉಗುರು ನೆನಪಿದೆ. ದನಿ ಮಾತ್ರ ಪೂರ್ತಿ ನೆನಪಿದೆ, ಯಾಕೆಂದರೆ ಅದನ್ನು ನಾನು ದಿನಾ ಕೇಳುತ್ತಿದ್ದೆ. ಅವ್ವ ಏಳರ ಮಗ್ಗಿ ಹೇಳುವಾಗ ಏಳು ಸಾಲು ತನ್ನ ದನಿಯಲ್ಲಿ ಹೇಳುತ್ತಿದ್ದಳು. ಎಂಟನೆಯ ಸಾಲಿಗೆ ಬಂದ ಕೂಡಲೇ ಅರವತ್ತೈದು ದಾಟಿದ ಆ ಗಂಟಲು ಸಣ್ಣದಾಗುತ್ತಿತ್ತು, ಮೇಲೇಳುತ್ತಿತ್ತು, ಕೊನೆಯಲ್ಲಿ ಎಳೆಯುತ್ತಿತ್ತು. ಒಂಬತ್ತನೆಯ ಸಾಲಿಗೆ ಮತ್ತೆ ಅವ್ವ. ನಡುವೆ ಒಂದು ಸಾಲಿನಷ್ಟು ಹೊತ್ತು ಅಕ್ಕ ಬಂದು ಹೋಗುತ್ತಿದ್ದಳು. ಮೂವತ್ತೈದು ವರ್ಷ ಹೀಗೇ ನಡೆದಿತ್ತು.

ಅಕ್ಕ ಹೋದದ್ದು ನನಗೆ ಏಳು ವರ್ಷವಿದ್ದಾಗ. ಅವತ್ತು ಸಂಜೆ ನಡೆದದ್ದನ್ನು ನಾನು ಮನೆಯವರಿಗೂ ಹೇಳಿರಲಿಲ್ಲ.

ಅಕ್ಕನಿಗೆ ಎರಡು ದಿನದಿಂದ ಮೈ ಬಿಸಿ ಇತ್ತು. ಹಳ್ಳಿಯಲ್ಲಿ ಮಕ್ಕಳ ಮೈ ಬಿಸಿಯಾದರೆ ಯಾರೂ ಹೌಹಾರುವುದಿಲ್ಲ. ಗುಳಿಗೆ ನುಂಗಿಸಿ ಕಂಬಳಿ ಹೊದಿಸುತ್ತಾರೆ. ಮೂರನೆಯ ಸಂಜೆ ಕಡಿಮೆಯಾದಂತೆ ಕಂಡು, ಅವಳೇ ಎದ್ದು ಬಂದು ಒಲೆಯ ಮುಂದೆ ಕೂತಳು. ಅವತ್ತೇ ಸಾಲಿಯಲ್ಲಿ ನಮ್ಮ ಮಾಸ್ತರು ಏಳರ ಮಗ್ಗಿ ಕೇಳಿದ್ದರು, ನಾನು ಅಕ್ಕನಿಂದ ಕಲಿತದ್ದನ್ನು ಹೇಳಿ ಎಲ್ಲರೆದುರು ನಗೆಪಾಟಲಾಗಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು, ಈಗಲೂ ಅಲ್ಲೇ ಇದೆ. ಅಕ್ಕ ಎಂಟನೆಯ ಸಾಲಿಗೆ ಬಂದದ್ದೇ ತಡ, "ತಪ್ಪು! ಐವತ್ತಾರು! ಮಾಸ್ತರು ಹೇಳ್ಯಾರ!" ಎಂದು ಕೂಗಿದೆ.

"ಐವತ್ನಾಕು" ಎಂದಳು ಅಕ್ಕ.

"ಐವತ್ತಾರು!"

"ನಿನಗೇನ ಗೊತ್ತಲೇ ಸಣ್ಣಾಕಿ, ಐವತ್ನಾಕು."

"ನಿನಗ ಏನೂ ಬರಂಗಿಲ್ಲ. ಇನ್ನ ಮ್ಯಾಲೆ ನಾ ನಿನ್ನ ಕಡೆ ಕಲಿಯಂಗಿಲ್ಲ" ಎಂದು ಹೇಳಿ ನಾನು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತೆ. ಒಳಗಿನಿಂದ ಅಕ್ಕನ ದನಿ ಬಂತು. ಏಳೊಂದ್ಲೆ ಏಳು ಎಂದು ಮೊದಲಿನಿಂದ ಹೇಳುತ್ತಿದ್ದಳು. ಎಂಟನೆಯದಕ್ಕೆ ಮತ್ತೆ ಐವತ್ನಾಕು. ಸ್ವಲ್ಪ ಬಿಟ್ಟು ಮತ್ತೆ ಮೊದಲಿನಿಂದ. ನನ್ನನ್ನು ಅಣಕಿಸಲಿಕ್ಕೇ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ರೊಟ್ಟಿ ಸೀದ ವಾಸನೆ ಹೊರಗೆ ಕಟ್ಟೆಯವರೆಗೆ ಬಂದಿತ್ತು.

ಮರುದಿನ ಬೆಳಗಾಗುವಷ್ಟರಲ್ಲಿ ಅಕ್ಕನಿಗೆ ಎಚ್ಚರವಿರಲಿಲ್ಲ. ಅಪ್ಪ ಊರವರ ಜೀಪು ಕೇಳಿಕೊಂಡು ಬಂದ. ಅವ್ವ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಹಾನಗಲ್ಲಿನ ಡಾಕ್ಟರು ನೋಡಿ, ತಲೆಗೆ ಏರಿದ ಜ್ವರ, ತಡ ಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಅಂದರಂತೆ. ಜೀಪು ತಡಸ ಮುಟ್ಟಲು ಒಂದೆರಡು ಮೈಲಿ ಇದ್ದಾಗ ಎಲ್ಲ ಮುಗಿದಿತ್ತು. ನಾನು ಊರಲ್ಲೇ ಅಜ್ಜನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಜೀಪು ಇಷ್ಟು ಬೇಗ ತಿರುಗಿ ಬಂತೆಂದು ನನಗೆ ಖುಷಿಯಾಯಿತು. ಆ ಖುಷಿಯನ್ನು ನಾನು ಇನ್ನೂ ಮರೆತಿಲ್ಲ.

ಒಂದು ತಿಂಗಳಾದರೂ ಇರಬೇಕು, ಅವ್ವ ಒಲೆಯ ಮುಂದೆ ಬಾಯಿ ಬಿಡಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುತ್ತ ತಾನೇ ಶುರು ಮಾಡಿದಳು. ಏಳೊಂದ್ಲೆ ಏಳು. ಎಂಟನೆಯ ಸಾಲು ಬಂತು, ಐವತ್ನಾಕು ಎಂದಳು, ಥೇಟ್ ಅಕ್ಕನ ದನಿಯಲ್ಲಿ. ನಾನು ತಪ್ಪು ಎನ್ನಲಿಲ್ಲ. ಒಮ್ಮೆ ಅಂದದ್ದಕ್ಕೆ ಏನಾಯಿತೆಂದು ನೋಡಿದ್ದೆನಲ್ಲ. ಏಳು ವರ್ಷದ ಹುಡುಗಿಯ ಲೆಕ್ಕ ಅದು, ಅದನ್ನು ಅಳಿಸಿಹಾಕಲು ಯಾವ ಗಣಿತದ ಪದವಿಯೂ ನನಗೆ ನೆರವಾಗಲಿಲ್ಲ. ಅವತ್ತಿನಿಂದ ನನಗೆ ಎರಡು ಮಗ್ಗಿ. ಸಾಲಿಯಲ್ಲಿ ಐವತ್ತಾರು, ಮನೆಯಲ್ಲಿ ಐವತ್ನಾಲ್ಕು. ನಮ್ಮ ಜಗಳವನ್ನು ಅವ್ವ ಕಿವಿಗೆ ಹಾಕಿಕೊಂಡಿಲ್ಲ, ಆಕೆಗೆ ಸರಿ ತಪ್ಪು ಗೊತ್ತಿಲ್ಲ, ಮಗಳು ಬಿಟ್ಟು ಹೋದದ್ದನ್ನು ಜೋಪಾನ ಮಾಡುತ್ತಿದ್ದಾಳೆ, ಅದನ್ನು ನಾನು ಎರಡನೆಯ ಸಲ ಕಸಿಯಬಾರದು ಎಂದುಕೊಂಡು ದೊಡ್ಡವಳಾದೆ.

ಟ್ರೈನಿಂಗ್ ಮುಗಿಸಿ ನೌಕರಿ ಹಿಡಿದೆ. ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಬಂಕಾಪುರದ ಹತ್ತಿರ ಒಂದು ಜಾಗ ಖಾಲಿ ಇತ್ತು, ಮನೆಗೆ ಸಮೀಪ. ನಾನು ತಡಸದ ಕಡೆಯದನ್ನು ಆರಿಸಿಕೊಂಡೆ. ಯಾಕೆಂದು ಮನೆಯವರು ಕೇಳಿದಾಗ ಬಸ್ಸು ಚಲೋ ಇವೆ ಎಂದೆ. ಹಾನಗಲ್ಲಿನ ಆ ರಸ್ತೆ ಶಾಲೆಯ ಮುಂದೆಯೇ ಹಾಯುತ್ತದೆ. ಅಕ್ಕ ಯಾವ ಗಿಡದ ಹತ್ತಿರ ಉಸಿರು ಬಿಟ್ಟಳೆಂದು ಅವ್ವ ಎಂದೂ ಹೇಳಿಲ್ಲ, ನಾನು ಕೇಳಿಲ್ಲ. ಹೀಗಾಗಿ ಒಂದೂ ಗಿಡವನ್ನು ನಾನು ಸುಮ್ಮನೆ ದಾಟಲಾರೆ. ಮಧ್ಯಾಹ್ನ ಮಕ್ಕಳೆಲ್ಲ ಒಕ್ಕೊರಲಿನಿಂದ ಏಳರ ಮಗ್ಗಿ ಹೇಳುವಾಗ ಎಂಟನೆಯ ಸಾಲಿಗೆ ನಾನು ಕಿಟಕಿಯಾಚೆ ರಸ್ತೆ ನೋಡುತ್ತೇನೆ. ಮೂವತ್ತು ಬಾಯಿ ಐವತ್ತಾರು ಎಂದರೂ ಒಂದು ದನಿ ಬೇರೆ ಹೇಳಿದಂತೆ ಅನ್ನಿಸುತ್ತದೆ.

ನನ್ನ ಮಗಳು ಅಜ್ಜಿಯ ಬಾಜೂಕ ಕೂತು ಮಗ್ಗಿ ಕಲಿಯತೊಡಗಿದಾಗ ನಾನು ತಡೆಯಬೇಕಾಗಿತ್ತು. ಲಗ್ನಪತ್ರಿಕೆಯ ಚೀಟಿ ಅವಳ ಕೈಗೂ ಕೊಡಬೇಕಾಗಿತ್ತು. ಕೊಡಲಿಲ್ಲ. ಸಾಲಿಗೆ ಹೋದ ಮೇಲೆ ತಾನೇ ತಿದ್ದಿಕೊಳ್ಳುತ್ತಾಳೆ, ನಾನು ತಿದ್ದಿಕೊಳ್ಳಲಿಲ್ಲವೇ ಎಂದುಕೊಂಡೆ. ಒಂದು ಸಂಜೆ ಬಸ್ಸಿಳಿದು ಬಂದು ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ 'ಏಳೆಂಟ್ಲೆ' ಎಂಬ ದನಿ ಮೇಲೆದ್ದಿತು, 'ಐವತ್ನಾಕು' ಎಂದು ಎಳೆಯಿತು. ಅವ್ವನ ದನಿಯಲ್ಲ, ಮಗುವಿನದು. ಸತ್ತವಳನ್ನು ನೋಡಿಯೇ ಇಲ್ಲದ ಹುಡುಗಿ, ಅವಳ ಗತ್ತಿನಲ್ಲೇ ಹೇಳುತ್ತಿದ್ದಾಳೆ. ಹೆದರಿಕೆಯಾಯಿತು ಎಂದರೆ ಅರ್ಧ ಸುಳ್ಳು. ಸಂತೋಷವೂ ಆಯಿತು, ಅದೇ ಹೆದರಿಕೆಗಿಂತ ಕೆಟ್ಟದ್ದು. ನನ್ನ ಸಂತೋಷಕ್ಕಾಗಿ ನಾನು ನನ್ನ ಮಗಳಿಗೆ ತಪ್ಪು ಮಗ್ಗಿ ಉಳಿಸಿಕೊಟ್ಟೆ.

ಮಗಳು ನನ್ನಂತೆ ಎರಡು ಮಗ್ಗಿ ಇಟ್ಟುಕೊಳ್ಳುವ ಜಾಣೆಯಲ್ಲ. ಅವಳಿಗೆ ಅಜ್ಜಿ ಹೇಳಿದ್ದೇ ವೇದ. ಶಾಲೆಯಲ್ಲಿ ಟೀಚರು ತಿದ್ದಿದರೂ ಮರುದಿನ ಐವತ್ನಾಲ್ಕು. ಪಕ್ಕದ ಹುಡುಗಿಯರು ಅವಳನ್ನು 'ಐವತ್ನಾಕು' ಎಂದೇ ಕರೆಯತೊಡಗಿದರು. ಡೈರಿಯ ಕೆಂಪು ಸಾಲು ಬಂದ ಮೇಲೆ, ಗಣಿತದ ಪಿರಿಯಡ್ ಇರುವ ದಿನ ಹೊಟ್ಟೆನೋವು ಎಂದು ಹೊದ್ದು ಮಲಗುವುದು ಶುರುವಾಯಿತು. ಮುಂದಿನ ಶನಿವಾರ ಶಾಲೆಯಲ್ಲಿ ಮಗ್ಗಿ ಹೇಳುವ ಸ್ಪರ್ಧೆ ಇತ್ತು. ಇಡೀ ಶಾಲೆಯೆದುರು ಒಬ್ಬೊಬ್ಬರೇ ನಿಂತು ಹೇಳಬೇಕು. ಬುಧವಾರ ಸಂಜೆ ಅವಳು ನನ್ನ ಮುಂದೆ ಬಂದು ನಿಂತಳು.

"ಮಮ್ಮಿ, ನಮ್ಮ ಟೀಚರ್ ಐವತ್ತಾರು ಅಂತಾರ. ಅಜ್ಜಿ ಐವತ್ನಾಕು ಅಂತಾಳ. ಅಜ್ಜಿ ಸುಳ್ಳ ಹೇಳ್ತಾಳೇನು?"

ಅಡುಗೆಮನೆಯಲ್ಲಿ ಅವ್ವ ಹಿಟ್ಟು ನಾದುತ್ತಿದ್ದಳು, ಕೇಳಿಸುವಷ್ಟು ಹತ್ತಿರ. "ನೀ ಹೇಳಲ್ಲ, ನೀ ಗಣಿತ ಟೀಚರ್ ಅಲ್ಲೇನು?" ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. ಈ ಮಗು ಶನಿವಾರ ಎಲ್ಲರೆದುರು ನಿಂತು ನಗೆಪಾಟಲಾಗುತ್ತದೆ, ಇಲ್ಲವೇ ಅಜ್ಜಿ ಸುಳ್ಳಿ ಎಂದು ನಂಬುತ್ತದೆ, ಎರಡಕ್ಕೂ ನಾನೇ ಕಾರಣ. ಅವಳನ್ನು ಪಡಸಾಲೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದೆ: "ಐವತ್ತಾರು. ನನ್ನ ಮುಂದ ಅಷ್ಟ ಹೇಳಿ ತೋರಸು. ಅಜ್ಜಿಗೆ ಕೇಳಸೂದು ಬ್ಯಾಡ."

ಅವಳು ಶುರು ಮಾಡಿದಳು. ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು, ಮಗಳ ನಾಲಿಗೆ ಆ ಸಪ್ಪಳಕ್ಕೆ ಹೊಂದಿಕೊಂಡುಬಿಟ್ಟಿತು. ಎಂಟನೆಯ ಸಾಲಿಗೆ ದನಿ ಮೇಲೆದ್ದಿತು, ಐವತ್ನಾಕು. "ಐವತ್ತಾರು ಅಂತ ಹೇಳಿದ್ನಿ. ಮೊದಲಿಂದ ಅನ್ನು" ಎಂದೆ. ಮತ್ತೆ ಹೇಳಿದಳು. ಮತ್ತೆ ಐವತ್ನಾಕು. ಬೇಕೆಂದು ಹೇಳುತ್ತಿರಲಿಲ್ಲ, ಬಾಯಿ ತಾನಾಗಿ ಅತ್ತ ಹರಿಯುತ್ತಿತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸಿಟ್ಟು ನೆತ್ತಿಗೇರಿತು. "ಮೊದಲಿಂದ!" ಎಂದು ಕೂಗಿದೆ. ಮೂರನೆಯ ಸಲ ಅವಳು ಬಿಕ್ಕುತ್ತ ಹೇಳತೊಡಗಿದಳು. ಊರ ತಾಯಂದಿರಿಗೆ ಎರಡೆರಡು ಸಲ ಬೇಡವೆಂದು ಹೇಳುವ ಕೆಲಸವನ್ನೇ ನಾನು ಮಾಡುತ್ತಿದ್ದೆ. ಅವಳ ಮುಖ ಕೆಂಪಾಗಿತ್ತು. ಹಣೆ ಮುಟ್ಟಿ ನೋಡಲು ಕೈ ಎತ್ತಿದೆ, ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ಹಿಟ್ಟು ಮೆತ್ತಿದ ಕೈಯಲ್ಲೇ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಬಿಡವ್ವಾ, ಬಿಡು. ಇನ್ನೊಮ್ಮೆ ಮೊದಲಿಂದ ಅನ್ನಸಬ್ಯಾಡ. ಅಕಿ ಹೇಳಿದ್ದ ಖರೆ ಅಂತ ಅಂದುಬಿಡು" ಎಂದಳು.

"ಅವ್ವಾ, ಅಕಿ ಹೇಳಾಕತ್ತಿದ್ದು ತಪ್ಪು" ಎಂದೆ. ಮೂವತ್ತೈದು ವರ್ಷದ ಮೇಲೆ ಬಾಯಿಂದ ಬಂದೇಬಿಟ್ಟಿತು. "ಏಳೆಂಟ್ಲೆ ಐವತ್ತಾರು. ನಿನಗ ಗೊತ್ತಿಲ್ಲಂತ ನಾ ಸುಮ್ಮನಿದ್ನಿ."

"ನನಗ ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದ" ಎಂದಳು ಅವ್ವ. ಹೊಸ್ತಿಲ ಮೇಲೆ ಕುಸಿದು ಕೂತು, ನನ್ನನ್ನು ನೋಡದೆ ಮಗಳನ್ನು ನೋಡುತ್ತ ಹೇಳಿದಳು: "ಅವತ್ತ ನೀ ಸಿಟ್ಟ ಮಾಡಿಕೊಂಡು ಕಟ್ಟಿಗೆ ಹ್ವಾದಿ. ನಾ ಅಕಿಗೆ ಅಂದ್ನಿ, ಸಣ್ಣಾಕಿ ಮಾಸ್ತರ ಕಡೆ ಕೇಳಿಕೊಂಡ ಬಂದಾಳ, ಅದ ಖರೆ ಇರತೈತಿ, ಐವತ್ತಾರು ಅನ್ನು, ಮೊದಲಿಂದ ಅನ್ನು ಅಂತ. ಮತ್ತ ಐವತ್ನಾಕು ಅಂದ್ಲು. ಮತ್ತ ಮೊದಲಿಂದ ಅನ್ನು ಅಂದ್ನಿ. ಹಟ ಮಾಡಾಕತ್ತಾಳ ಅನ್ಕೊಂಡ್ನಿ. ಕಣ್ಣು ಕೆಂಪಗಾಗಿದ್ವು, ಒಲಿ ಬೆಳಕಿಗೆ ಹಂಗ ಕಾಣ್ತಾವ ಅನ್ಕೊಂಡ್ನಿ. ಮೂರು ರೊಟ್ಟಿ ಹೊತ್ತಿದ್ವು. ಯವ್ವಾ, ನಾ ಮಲಗ್ತೇನಿ ಅಂದ್ಲು. ಸರಿಯಾಗಿ ಅಂದು ಮಲಗು ಅಂದ್ನಿ."

ನಾನು ಕಿವಿ ಮುಚ್ಚಿಕೊಂಡಾಗ ಒಳಗೆ ನಡೆದದ್ದು ಅದು. ಅಣಕವಲ್ಲ. ಅಕ್ಕ ಜ್ವರದ ಬಾಯಿಂದ ಒಂದೊಂದು ಸಲವೂ ಮೊದಲಿನಿಂದ ಹೇಳಿ, ತನಗೆ ಗೊತ್ತಿದ್ದ ಒಂದೇ ಉತ್ತರ ಕೊಡುತ್ತಿದ್ದಳು.

"ಹೌದು ಕೂಸ, ನಿಂದ ಖರೆ, ಹೋಗಿ ಮಲಗು ಅಂದಿದ್ರ ನನ್ನ ಗಂಟೇನ ಹೋಗತಿತ್ತು?" ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಜೀಪಿನ್ಯಾಗ ತೊಡಿ ಮ್ಯಾಲೆ ಹಾಕ್ಕೊಂಡು ಅದನ್ನ ಹೇಳಿದ್ನಿ. ಐವತ್ನಾಕು, ಐವತ್ನಾಕು ಅಂತ ಕಿವ್ಯಾಗ ಹೇಳಿದ್ನಿ. ಕೇಳಸಿತೋ ಇಲ್ಲೋ. ಅದಕ್ಕ ದಿನಾ ಹೇಳ್ತೇನಿ. ಎಂದರ ಕೇಳಸೀತು ಅಂತ."

ನಾನೂ ಕಟ್ಟೆಯ ಕತೆ ಹೇಳಿದೆ. ನಿನಗ ಏನೂ ಬರಂಗಿಲ್ಲ ಎಂದದ್ದು ನಾನು, ಜಗಳ ಹಚ್ಚಿದ್ದು ನಾನು ಎಂದೆ. ಅವ್ವ ಅದನ್ನು ಮೊದಲ ಸಲ ಕೇಳಿದವಳಂತೆ ನೋಡಿದಳು. "ನೀ ಏಳು ವರಸದ ಕೂಸಿದ್ದಿ. ಅದನ್ನ ಇಷ್ಟ ದಿನ ಹೊತ್ಕೊಂಡ ತಿರಗೀದೇನು ಹುಚ್ಚಿ?" ಎಂದಳು. ಒಂದೇ ಮನೆಯಲ್ಲಿ, ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತ, ಇಬ್ಬರೂ ಒಂದೇ ಸಂಜೆಯನ್ನು ಬೇರೆ ಬೇರೆ ಬಚ್ಚಿಟ್ಟುಕೊಂಡಿದ್ದೆವು. ನಾನು ಜೋರಾಗಿ ಅತ್ತೆ. ಮಗಳು ಹೆದರಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಅವ್ವ ಆಕೆಯನ್ನು ಹತ್ತಿರ ಕರೆದಳು. "ಇಲ್ಲಿ ಬಾ ತಂಗಿ. ನಿಮ್ಮ ಟೀಚರ್ ಹೇಳಿದ್ದ ಖರೆ. ಐವತ್ತಾರು." ಆ ಅಂಕಿ ಅವ್ವನ ಬಾಯಿಂದ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಮತ್ತ ಐವತ್ನಾಕು ಯಾರದಬೇ?" ಮಗಳು ಕೇಳಿದಳು.

"ಅದು ನಿಮ್ಮ ದೊಡ್ಡವ್ವಂದು. ನಿನಗಿಂತ ಎರಡು ವರಸ ದೊಡ್ಡಾಕಿ ಇದ್ಲು. ಅದು ಆಕಿಗೆ ಇರ್ಲಿ. ನಿನಗ ಐವತ್ತಾರು."

ಆ ವಿಂಗಡಣೆ ಮಗಳಿಗೆ ಸರಿ ಅನ್ನಿಸಿತೋ ಏನೋ. ಅಜ್ಜಿ ಸುಳ್ಳು ಹೇಳಿರಲಿಲ್ಲ, ಬೇರೆಯವರದನ್ನು ಕೊಟ್ಟಿದ್ದಳು ಅಷ್ಟೇ. ಮೂಗು ಒರೆಸಿಕೊಂಡು, ಕಾಲು ಜೋಡಿಸಿ ನಿಂತು, ಏಳೊಂದ್ಲೆಯಿಂದ ಏಳ್ಹತ್ಲೆಯವರೆಗೆ ತಡೆಯಿಲ್ಲದೆ ಹೇಳಿದಳು. ಎಂಟನೆಯ ಸಾಲಿನಲ್ಲಿ ದನಿ ಮೇಲೇಳಲಿಲ್ಲ. ಕೊನೆ ಎಳೆಯಲಿಲ್ಲ. ಬೇರೆಲ್ಲ ಸಾಲಿನಂತೆ ಒಂದು ಸಾಲು. ಶನಿವಾರ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಎಂದು ಒಂದು ಸ್ಟೀಲಿನ ಡಬ್ಬಿ ತಂದಳು. ಅದರಲ್ಲೇ ಈಗ ದಿನಾ ಬುತ್ತಿ ಒಯ್ಯುತ್ತಾಳೆ. ಹೊಟ್ಟೆನೋವು ಮತ್ತೆ ಬಂದಿಲ್ಲ.

ಅವ್ವ ಮಾತ್ರ ಆ ಬುಧವಾರದಿಂದ ಮಗ್ಗಿ ಹೇಳುವುದನ್ನೇ ಬಿಟ್ಟಳು. ಏಳರದಷ್ಟೇ ಅಲ್ಲ, ಎಲ್ಲವನ್ನೂ. ರೊಟ್ಟಿ ಬಡಿಯುವ ಸಪ್ಪಳ, ಗ್ಯಾಸಿನ ಸುಯ್ ಸದ್ದು, ಅಷ್ಟೇ. ಅಳತೆ ತಪ್ಪಿ ರೊಟ್ಟಿ ಒಂದು ದಿನ ಹಸಿ, ಒಂದು ದಿನ ಕರಿ. ನಾವು ಹಾಗೆಯೇ ತಿನ್ನುತ್ತೇವೆ. ಮನೆಯವರು ಒಮ್ಮೆ ಅತ್ತೆಗೆ ಕಣ್ಣು ಮಂದವಾಗಿರಬೇಕು, ತೋರಿಸೋಣ ಅಂದರು. ನಾನು ಅವರಿಗೆ ಎಲ್ಲ ಹೇಳಿದೆ. ಅವರು ಮರುದಿನದಿಂದ ಸೀದ ರೊಟ್ಟಿಯನ್ನೇ ಆರಿಸಿ ಹಾಕಿಸಿಕೊಳ್ಳತೊಡಗಿದರು.

ನನಗೆ ಸಮಾಧಾನವಾಗಬೇಕಿತ್ತು. ಮಗಳ ಲೆಕ್ಕ ಸರಿಯಾಯಿತು, ಅವ್ವನ ಬಾಯಿಂದ ಬರಬೇಕಾದ್ದು ಬಂತು, ನನ್ನ ಎದೆಯ ಮೇಲಿನದೂ ಇಳಿಯಿತು. ಆದರೆ ಸಂಜೆ ಚಪ್ಪಲಿ ಬಿಡುವಾಗ ಕಿವಿ ತಾನಾಗಿ ಒಳಗೆ ಹೋಗುತ್ತದೆ, ಏನೂ ಸಿಗದೆ ತಿರುಗಿ ಬರುತ್ತದೆ. ಮೂವತ್ತೈದು ವರ್ಷ ಬೆನ್ನು ಹತ್ತಿದ ದನಿಗೆ ಅಂಜುತ್ತಿದ್ದವಳು ಈಗ ಅದು ಇಲ್ಲವೆಂದು ಅಂಜುತ್ತಿದ್ದೇನೆ. ಬಸ್ಸಿನಲ್ಲಿ ಕೂತು ನಾನೇ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ, ಏಳೆಂಟ್ಲೆ ಐವತ್ನಾಕು ಎಂದು. ನನ್ನ ದನಿಯೇ ಬಂತು. ನನಗೆ ಎಷ್ಟೇ ಆದರೂ ಸರಿ ಉತ್ತರ ಗೊತ್ತಲ್ಲ.

ಮೊನ್ನೆ ಸಂಜೆ ತಡೆಯಲಾಗಲಿಲ್ಲ. ಮಗಳು ಹೊರಗೆ ಆಡುತ್ತಿದ್ದಳು. ಅಡುಗೆಮನೆಗೆ ಹೋಗಿ ಅವ್ವನ ಬಾಜೂಕ ಕೂತೆ. ಆಕೆ ಹಂಚಿಗೆ ರೊಟ್ಟಿ ಹಾಕಿ, ನೀರು ಸವರಿ, ಯಾವಾಗ ಮಗುಚಬೇಕೆಂದು ಬಗ್ಗಿ ನೋಡುತ್ತಿದ್ದಳು.

"ಅವ್ವಾ, ಏಳರ ಮಗ್ಗಿ ಒಮ್ಮೆ ಅನ್ನಲ್ಲ. ಮೊದಲಿನಂಗ. ನಾನೊಬ್ಬಾಕೇನ ಅದೇನಿ."

ಅವ್ವ ರೊಟ್ಟಿ ಮಗುಚಿದಳು. ಒಂದು ಬದಿ ಆಗಲೇ ಕರಿಯಾಗಿತ್ತು.

"ಬ್ಯಾಡವಾ," ಎಂದಳು. "ಈಗ ಮಲಗ್ಯಾಳ. ಎಬ್ಬಸಬ್ಯಾಡ."